ಗ್ಯಾಂಗ್‌ವೇ ಇಳಿದರೆ ಫ್ರೀಟೌನ್

"ಅಷ್ಟು ತಿಂಗಳು ಹಡಗಿನಲ್ಲಿದ್ದಿಯಲ್ಲ, ಹೊಟ್ಟೆ ತೊಳಸಲಿಲ್ವಾ?" ಊರಿಗೆ ಮರಳಿದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಇದನ್ನೇ. ತೊಳಸಲಿಲ್ಲ. ನಾನಿದ್ದಷ್ಟು ಕಾಲವೂ ಆ ಹಡಗು ಧಕ್ಕೆ ಬಿಟ್ಟು ಕದಲಲೇ ಇಲ್ಲ. ಗ್ಲೋಬಲ್ ಮರ್ಸಿ ಎಂಬ ಆ ಆಸ್ಪತ್ರೆ ಹಡಗು 2023ರ ಆಗಸ್ಟ್‌ನಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನಿಗೆ ಬಂದು, ರಾಜಧಾನಿ ಫ್ರೀಟೌನಿನ ಬಂದರಿನಲ್ಲಿ ಹಗ್ಗ ಬಿಗಿದು ನಿಂತಿತ್ತು. ಸುಮಾರು ಹತ್ತು ತಿಂಗಳು ಒಂದೇ ಕಡೆ ನಿಂತು ಆಪರೇಷನ್ ಮಾಡುವುದು, ಮಳೆಗಾಲದಲ್ಲಿ ದುರಸ್ತಿಗೆ ಹೊರಡುವುದು, ಅದರ ಕ್ರಮವೇ ಹಾಗೆ. ಹಾಗಾಗಿ ನಮ್ಮ ಪಾಲಿಗೆ ಸಮುದ್ರಕ್ಕಿಂತ ಊರೇ ಹತ್ತಿರ. ಹಡಗಿನಿಂದ ಧಕ್ಕೆಗೆ ಇಳಿಯುವ ಗ್ಯಾಂಗ್‌ವೇಯ ಮೆಟ್ಟಿಲಿಳಿದು, ಕಂಟೇನರ್‌ಗಳ ಸಾಲು ದಾಟಿ, ಬಂದರಿನ ಗೇಟಿನಿಂದ ಹೊರಗೆ ಕಾಲಿಟ್ಟರೆ ಕ್ಲೈನ್ ಟೌನ್ ಎಂಬ ಗಿಜಿಗುಡುವ ಪೇಟೆ. ಆ ಗೇಟಿನಾಚೆ ನನ್ನನ್ನು ಕರೆದುಕೊಂಡು ಹೋದವರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಮೊದಲು ಹಡಗಿನ ಬಗ್ಗೆ ನಾಲ್ಕು ಮಾತು. ಉದ್ದ 174 ಮೀಟರ್, 12 ಅಂತಸ್ತು, 6 ಆಪರೇಷನ್ ಥಿಯೇಟರು, 200 ಹಾಸಿಗೆ. ನಡೆಸುವುದು ಮರ್ಸಿ ಶಿಪ್ಸ್, 1978ರಲ್ಲಿ ಶುರುವಾದ ಕ್ರೈಸ್ತ ಸೇವಾಸಂಸ್ಥೆ. ರೋಗಿಯ ಧರ್ಮ ಕೇಳುವುದಿಲ್ಲ, ಶಸ್ತ್ರಚಿಕಿತ್ಸೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಸೀಳುತುಟಿ, ಮುಖ-ದವಡೆಯ ಗೆಡ್ಡೆ, ಗಳಗಂಡ, ಹರ್ನಿಯಾ, ಸುಟ್ಟು ಮುದುಡಿದ ಚರ್ಮ, ಬಾಗಿದ ಕಾಲು, ಹೆರಿಗೆ ಕಷ್ಟವಾಗಿ ಉಂಟಾಗುವ ಫಿಸ್ಟುಲಾ ಎಂಬ ಮೂತ್ರ ಸೋರುವ ರಂಧ್ರ, ಇಂಥವೇ ಅಲ್ಲಿ ಹೆಚ್ಚು. ಜಗತ್ತಿನಲ್ಲಿ 500 ಕೋಟಿ ಜನರಿಗೆ ಸುರಕ್ಷಿತ ಶಸ್ತ್ರಚಿಕಿತ್ಸೆ ಕೈಗೆಟುಕುವಂತಿಲ್ಲ ಎಂದು 2015ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ಹೇಳಿತ್ತು. 1991ರಿಂದ 2002ರವರೆಗೆ ಅಂತರ್ಯುದ್ಧ, 2014ರಲ್ಲಿ ಎಬೋಲಾ, ಈ ಎರಡರಲ್ಲೂ ಬೆಂದ ಆ ದೇಶದಲ್ಲಿ ಆ ಲೆಕ್ಕದ ಅರ್ಥ ವಾರ್ಡಿನ ಒಂದೊಂದು ಮಂಚದ ಮೇಲೂ ಕಾಣುತ್ತಿತ್ತು. ತೆಂಗಿನಕಾಯಿ ಗಾತ್ರದ ಗೆಡ್ಡೆಯನ್ನು ವರ್ಷಗಟ್ಟಲೆ ಬಟ್ಟೆಯಲ್ಲಿ ಮುಚ್ಚಿಕೊಂಡು ಬದುಕಿದವರು ಅಲ್ಲಿದ್ದರು.

ನಾನು ಪುತ್ತೂರಿನ ಕಡೆಯವಳು, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಸರ್ಜಿಕಲ್ ವಾರ್ಡಿನ ನರ್ಸ್. ಅರ್ಜಿ ಹಾಕಿದ ದಿನದಿಂದ ವಿಮಾನ ಹತ್ತುವವರೆಗಿನ ಓಡಾಟ ಸಣ್ಣದಲ್ಲ. ನರ್ಸಿಂಗ್ ಕೌನ್ಸಿಲ್ ನೋಂದಣಿ, ಅನುಭವದ ಪತ್ರ, ನಮ್ಮನ್ನು ಬಲ್ಲವರ ಶಿಫಾರಸು, ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ತಪಾಸಣೆ, ವಿಡಿಯೊ ಸಂದರ್ಶನ ಎಲ್ಲ ಆಗಬೇಕು. ಹಳದಿ ಜ್ವರದ ಲಸಿಕೆ ಸಿಕ್ಕಸಿಕ್ಕ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರಕ್ಕೇ ಹೋಗಬೇಕು. ಚುಚ್ಚಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಲಸಿಕೆಯ ದಾಖಲೆಯಾದ ಆ ಹಳದಿ ಪುಸ್ತಕಕ್ಕೆ ಬೆಲೆ. ಸಂಬಳವಿಲ್ಲ. ವಿಮಾನದ ಖರ್ಚು, ವಿಮೆ ಎಲ್ಲ ನಾವೇ ಹೊಂದಿಸಿಕೊಳ್ಳಬೇಕು. ಅಪ್ಪ "ದುಡ್ಡು ಕೊಟ್ಟು ಕೆಲಸ ಮಾಡುವುದು ಎಲ್ಲಿಯಾದರೂ ಉಂಟಾ?" ಎಂದರು. ಅಮ್ಮ ಮಾತಾಡದೆ ಸಾರಿನ ಪುಡಿ, ಉಪ್ಪಿನಕಾಯಿ ಕಟ್ಟಿಕೊಟ್ಟರು. ರಜೆ ಮಂಜೂರು ಮಾಡಿಸಲು ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್ ಸಿಸ್ಟರ್ ಪಟ್ಟ ಪಾಡು ನಾನು ಮರೆಯುವ ಹಾಗಿಲ್ಲ.

2024ರ ಜನವರಿಯಲ್ಲಿ ಮುಂಬೈ, ಇಸ್ತಾಂಬುಲ್ ಮೂಲಕ ಲುಂಗಿ ಎಂಬಲ್ಲಿ ಇಳಿದೆ. ವಿಮಾನ ನಿಲ್ದಾಣ ಅಳಿವೆಯ ಒಂದು ದಡದಲ್ಲಿ, ಫ್ರೀಟೌನ್ ಇನ್ನೊಂದು ದಡದಲ್ಲಿ. ನಡುವೆ ನೀರು, ದೋಣಿಯೇ ಹತ್ತಿರದ ದಾರಿ. ಸಹಾರಾದಿಂದ ಹರ್ಮಟ್ಟಾನ್ ಗಾಳಿ ಬೀಸುವ ಕಾಲವಾದ್ದರಿಂದ ಊರ ಹಿಂದಿನ ಬೆಟ್ಟಗಳ ಮೇಲೆ ಕೆಂದೂಳು ಕವಿದಿತ್ತು. ಹಡಗಿನಲ್ಲಿ ನನ್ನ ಕ್ಯಾಬಿನ್ನಿನಲ್ಲಿ ಮೊದಲೇ ಮೂವರು ಇದ್ದರು: ನೆದರ್ಲೆಂಡ್ಸ್‌ನ ಥಿಯೇಟರ್ ನರ್ಸ್, ಘಾನಾದ ಲ್ಯಾಬ್ ಟೆಕ್ನಿಷಿಯನ್, ಮತ್ತೆ ಕೆನಡಾದ ನಿವೃತ್ತ ಶಾಲಾ ಟೀಚರು. ಟೀಚರಿಗೆ ಅರವತ್ತು ದಾಟಿತ್ತು. ಅವರ ಕೆಲಸ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವುದು. ಸರ್ಜನ್ನಿಗೂ ಅವರಿಗೂ ಊಟದ ಸಾಲು ಒಂದೇ, ಸಂಬಳವೂ ಒಂದೇ, ಅಂದರೆ ಯಾರಿಗೂ ಇಲ್ಲ. ನನಗೆ ಈ ವ್ಯವಸ್ಥೆ ಬಹಳ ಹಿಡಿಸಿತು. ನಮ್ಮ ಆಸ್ಪತ್ರೆಗಳಲ್ಲಿ ಡಾಕ್ಟರು, ನರ್ಸು, ಆಯಾ ಒಂದೇ ಮೇಜಿಗೆ ಕೂತು ಉಣ್ಣುವುದನ್ನು ನಾನು ನೋಡಿದ್ದಿಲ್ಲ.

ವಾರ್ಡಿನಲ್ಲಿ ಮಾತು ಇಂಗ್ಲಿಷಿನಲ್ಲಿ ನಡೆಯುವುದಿಲ್ಲ. ಊರಿನವರ ಭಾಷೆ ಕ್ರಿಯೊ, ಒಳನಾಡಿನಿಂದ ಬಂದವರಿಗೆ ಟೆಮ್ನೆ ಅಥವಾ ಮೆಂಡೆ. ಅದಕ್ಕೇ ಪ್ರತಿ ಪಾಳಿಯಲ್ಲೂ ಫ್ರೀಟೌನಿನ ಹುಡುಗ-ಹುಡುಗಿಯರು ದುಭಾಷಿಗಳಾಗಿ ನಮ್ಮ ಜೊತೆ ನಿಲ್ಲುತ್ತಿದ್ದರು. ಇವರಿಗೆ 'ಡೇ ಕ್ರೂ' ಎನ್ನುತ್ತಾರೆ, ಇವರಿಗೆ ಸಂಬಳ ಉಂಟು. ನನ್ನ ಪಾಳಿಗೆ ಸಿಕ್ಕಿದವಳು ಇಪ್ಪತ್ತೆರಡು ವರ್ಷದ ಹುಡುಗಿ, ಮೂರು ಭಾಷೆ ನಿರರ್ಗಳ. ನಾನು ಒಂದು ವಾಕ್ಯ ಹೇಳಿದರೆ ಅವಳು ರೋಗಿಗೆ ನಾಲ್ಕು ವಾಕ್ಯ ಹೇಳುತ್ತಿದ್ದಳು. "ಇಷ್ಟುದ್ದ ಏನು ಹೇಳಿದೆ?" ಎಂದು ಕೇಳಿದಾಗ, "ಸಿಸ್ಟಾ, ನೀನು ಡ್ರೆಸ್ಸಿಂಗ್ ಬದಲಿಸುತ್ತೇನೆ ಅಂದೆ. ಮೊದಲು ಅಮ್ಮನ ನಿದ್ದೆ ಹೇಗಾಯಿತು, ಮನೆಯಿಂದ ಫೋನ್ ಬಂತಾ ಅಂತ ಕೇಳದೆ ಹಾಗೆ ಸೀದಾ ಹೇಳಲಿಕ್ಕಾಗುತ್ತದಾ?" ಎಂದಳು. ಮರುದಿನದಿಂದ ನಾನೇ "ಕುಶೆ ಮಾಮಾ, ಹೌ ದಿ ಬಾಡಿ?" (ನಮಸ್ಕಾರ ಅಮ್ಮ, ಹೇಗಿದ್ದೀರಿ?) ಎಂದು ಶುರುಮಾಡಿದೆ. "ದಿ ಬಾಡಿ ಫೈನ್, ಟೆಲ್ ಗಾಡ್ ಟೆಂಕಿ" ಎಂಬ ಉತ್ತರ ಸುತ್ತಲಿನ ಮಂಚಗಳಿಂದಲೂ ಬರುತ್ತಿತ್ತು. ಮಧ್ಯಾಹ್ನ ಕೆಲಸ ಸಡಿಲವಾದಾಗ ಉನೊ ಆಟ, ಜೆಂಗಾ ಆಟ. ರೋಗಿಗಳ ಜೊತೆ ಬಂದ ಹೆಂಗಸರು ನಮ್ಮನ್ನು ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದರು. ನನ್ನ ನೇರ ಕೂದಲು ಅವರ ಸಣ್ಣ ಹೆಣಿಗೆಗೆ ನಿಲ್ಲದೆ ಜಾರುತ್ತಿತ್ತು, ಅವರು ಬಿಡುತ್ತಿರಲಿಲ್ಲ.

ಹಡಗಿನಿಂದ ಹೊರಗೆ ಹೋಗುವವರು ಗ್ಯಾಂಗ್‌ವೇಯ ಬಾಗಿಲಲ್ಲಿ ಗುರುತಿನ ಕಾರ್ಡು ಒತ್ತಬೇಕು, ಬಂದಾಗಲೂ ಒತ್ತಬೇಕು. ಬೆಂಕಿ ಅನಾಹುತವಾದರೆ ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂದು ಕ್ಯಾಪ್ಟನ್ನಿಗೆ ತಿಳಿಯಬೇಕಲ್ಲ. ಬಾಗಿಲು ಕಾಯುವವರು ನೇಪಾಳದ ಮಾಜಿ ಗೂರ್ಖಾ ಸೈನಿಕರು. ಅವರಲ್ಲಿ ಒಬ್ಬರು ನನ್ನ ಪಾಸ್‌ಪೋರ್ಟ್ ನೋಡಿದವರೇ ಹಿಂದಿಗೆ ಹೊರಳಿ "ಬಹಿನಿ, ಖಾನಾ ಹುವಾ?" ಎಂದರು. ಅಂದಿನಿಂದ ಅವರು ನನಗೆ ದಾಜು, ನೇಪಾಳಿಯಲ್ಲಿ ಅಣ್ಣ. ಫ್ರೀಟೌನಿನ ಹಿರಿಯರಿಗೆ ಗೂರ್ಖಾ ಎಂದರೆ ಹೊಸಬರಲ್ಲ ಎಂದು ಹೇಳಿದವರೂ ಅವರೇ. 2000ನೇ ಇಸವಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಭಾಗವಾಗಿ ಬಂದಿದ್ದ ಭಾರತೀಯ ಸೇನೆಯ ಗೂರ್ಖಾ ರೈಫಲ್ಸ್ ತುಕಡಿಯನ್ನು ಕೈಲಾಹುನ್ ಎಂಬಲ್ಲಿ ಬಂಡುಕೋರರು ಸುತ್ತುವರಿದಿದ್ದರು. ಜುಲೈಯಲ್ಲಿ ಆಪರೇಷನ್ ಖುಕ್ರಿ ನಡೆಸಿ ಅವರನ್ನು ಬಿಡಿಸಲಾಯಿತು. ಕೈಲಾಹುನ್ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ನಾನು ಇಂಡಿಯಾದವಳು ಎಂದು ಗೊತ್ತಾದೊಡನೆ "ಸೋಲ್ಜಾ, ಸೋಲ್ಜಾ" ಎಂದು ನನ್ನ ಮುಂಗೈ ಸವರಿದ್ದು ಏಕೆಂದು ಆಗ ತಿಳಿಯಿತು. ನಮ್ಮ ಶಾಲೆಯ ಪುಸ್ತಕದಲ್ಲಿ ಈ ಕಥೆ ಇರಲಿಲ್ಲ, ಇರಬೇಕಿತ್ತು.

ಶುರುವಿನ ವಾರಗಳಲ್ಲಿ ನಮ್ಮ ತಿರುಗಾಟವೆಲ್ಲ ಹಡಗಿನವರ ಗುಂಪಿನಲ್ಲೇ. ರಜೆ ಹೊಂದಿದವರು ಸೇರಿ ಒಂದು ವಾಹನ ಮಾಡಿಕೊಂಡು ಕಡಲತೀರಕ್ಕೆ ಹೋಗುವುದು. ಹತ್ತಿರದ್ದು ಲಮ್ಲಿ, ದೂರದವು ಲಾಕ್ಕಾ, ಟೋಕೆ, ರಿವರ್ ನಂಬರ್ ಟು. ಕೊನೆಯದು ನಿಜಕ್ಕೂ ಚೆಲುವಾದದ್ದು. ಕಾಡು ತುಂಬಿದ ಬೆಟ್ಟ ನೇರ ಸಮುದ್ರಕ್ಕೆ ಇಳಿದಿದೆ, ಅದರ ಬುಡದಲ್ಲಿ ಹಿಟ್ಟಿನಂಥ ಬಿಳಿ ಮರಳು, ಮರಳನ್ನು ಸೀಳಿಕೊಂಡು ಹೊಳೆ. ಅಲ್ಲಿನ ಊರಿನವರೇ ಸೇರಿ ಆ ತೀರವನ್ನು ನಡೆಸುತ್ತಾರೆ. ಚೊಕ್ಕಟ ಇಟ್ಟುಕೊಳ್ಳುವುದು, ಮೀನು ಸುಟ್ಟುಕೊಡುವುದು, ದೋಣಿಯಲ್ಲಿ ಹೊಳೆ ದಾಟಿಸುವುದು ಎಲ್ಲ ಅವರೇ. ಹನ್ನೆರಡು ಗಂಟೆಯ ಪಾಳಿ ಮಾಡಿ ಬಳಲಿದ ಮೈಗೆ ಆ ನೀರು ಬೇಕಾಗಿತ್ತು. ಆದರೆ ಅಲ್ಲಿ ಕೂತು ನಾವು ಮಾತಾಡುತ್ತಿದ್ದುದು ಮತ್ತೆ ವಾರ್ಡಿನ ವಿಷಯ, ಕ್ಯಾಬಿನ್ನಿನ ವಿಷಯ, ಮುಂದಿನ ವಾರದ ಡ್ಯೂಟಿ ಪಟ್ಟಿ. ಹಡಗನ್ನೇ ಹೊತ್ತುಕೊಂಡು ಹೋಗಿ ಮರಳ ಮೇಲೆ ಇಳಿಸಿದಂತೆ. ಬಂದವರಲ್ಲಿ ಎಷ್ಟೋ ಜನ ಇಷ್ಟನ್ನೇ ನೋಡಿ ಊರಿಗೆ ಮರಳುತ್ತಾರೆ. ಅದು ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ.

ಊರು ನನಗೆ ತೆರೆದುಕೊಂಡದ್ದು ಕಾಲ್ನಡಿಗೆಯಿಂದ. ಬಂದರಿನಿಂದ ನಡೆದೇ ಹೋಗಬಹುದಾದ ದೂರದಲ್ಲಿ ರೈಲ್ವೆ ಮ್ಯೂಸಿಯಂ ಇದೆ ಎಂದು ದಾಜು ಹೇಳಿದರು. ಟೀಚರು ರೈಲೆಂದರೆ ಪ್ರಾಣ ಬಿಡುವವರು. ಮೂವರೂ ಹೊರಟೆವು. ಸಿಯೆರಾ ಲಿಯೋನಿನಲ್ಲಿ ಈಗ ಪ್ರಯಾಣಿಕರ ರೈಲೇ ಇಲ್ಲ. ಬ್ರಿಟಿಷರ ಕಾಲದಲ್ಲಿ ಹಾಕಿದ ಎರಡೂವರೆ ಅಡಿ ಅಗಲದ ಹಳಿ 1974ರಲ್ಲಿ ಮುಚ್ಚಿತು. ಎಂಜಿನ್ನುಗಳು, ಬೋಗಿಗಳು ಕ್ಲೈನ್ ಟೌನಿನ ಹಳೆಯ ವರ್ಕ್‌ಶಾಪಿನೊಳಗೆ ಉಳಿದುಕೊಂಡವು. ಯುದ್ಧದಲ್ಲಿ ಮನೆ ಕಳೆದುಕೊಂಡವರು ಅದೇ ಶೆಡ್ಡಿನಲ್ಲಿ ಆಸರೆ ಪಡೆದಿದ್ದರು. ಊರಿನಲ್ಲಿ ಕಬ್ಬಿಣವೆಂಬ ಕಬ್ಬಿಣವೆಲ್ಲ ಗುಜರಿಗೆ ಹೋದ ಕಾಲದಲ್ಲೂ ಈ ರೈಲುಗಳು ಉಳಿದದ್ದು ಅಲ್ಲಿನ ಹಳೆಯ ರೈಲ್ವೆ ನೌಕರರ ಪುಣ್ಯ. ಆಮೇಲೆ ಅಲ್ಲಿಗೆ ಬಂದ ಸ್ಟೀವ್ ಡೇವಿಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ಇವುಗಳನ್ನು ಕಂಡು, ಊರಿನ ಹುಡುಗರನ್ನು ಕಟ್ಟಿಕೊಂಡು ತುಕ್ಕು ಉಜ್ಜಿಸಿ ಮ್ಯೂಸಿಯಂ ಆಗುವ ಹಾಗೆ ಮಾಡಿದರು. 1961ರಲ್ಲಿ ಎಲಿಜಬೆತ್ ರಾಣಿ ಬರುತ್ತಾರೆಂದು ಸಿದ್ಧಪಡಿಸಿದ ಬೋಗಿಯೂ ಅಲ್ಲಿದೆ. ನಮಗೆ ತೋರಿಸಿದ ಹುಡುಗ ಕೈಯಲ್ಲಿದ್ದ ಬಟ್ಟೆಯಿಂದ ಎಂಜಿನ್ನಿನ ಹಿತ್ತಾಳೆಯನ್ನು ಒರೆಸುತ್ತಲೇ ಮಾತಾಡಿದ. ಟೀಚರು ಪ್ರತಿ ಎಂಜಿನ್ನಿನ ಫಲಕವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ದಾಜು ಡ್ರೈವರನ ಜಾಗದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಪೋಖರಾದ ಮಗನಿಗೆ ಕಳಿಸಿದರು. ಮುಂದಿನ ರಜೆಗಳಲ್ಲಿ ನಮ್ಮ ಮೂವರ ಜೋಡಿ ಬಿಡದ ಜೋಡಿಯಾಯಿತು.

ಇನ್ನು ಮಾರುಕಟ್ಟೆ. ಅಲ್ಲಿಗೆ ನನ್ನನ್ನು ಕರೆದುಕೊಂಡು ಹೋದವಳು ನನ್ನ ದುಭಾಷಿ ಗೆಳತಿ. "ಸಿಸ್ಟಾ, ನೀನು ಇನ್ನೂ ಸಲೋನ್ ನೋಡಿಯೇ ಇಲ್ಲ" ಎಂದು ಶನಿವಾರ ಬೆಳಿಗ್ಗೆ ಬಂದರಿನ ಗೇಟಿನಲ್ಲಿ ಕಾದಿದ್ದಳು. ಸಲೋನ್ ಎಂದರೆ ಅವರ ಬಾಯಲ್ಲಿ ಸಿಯೆರಾ ಲಿಯೋನ್. ಹತ್ತಿದ್ದು ಕೆಕೆ, ಅಂದರೆ ನಮ್ಮದೇ ರಿಕ್ಷಾ. ಬಜಾಜ್, ಟಿವಿಎಸ್ ಎಂಬ ಅಕ್ಷರ ನೋಡಿ ನನಗೆ ಮಂಗಳೂರಿನ ಹಂಪನಕಟ್ಟೆಯೇ ಕಣ್ಣಿಗೆ ಬಂತು. ಡ್ರೈವರನಿಗೆ ಅವಳು ಅದನ್ನು ಹೇಳಿದ ಕೂಡಲೇ ಅವನು ಹಿಂದೆ ತಿರುಗಿ, ಕ್ಲಚ್ ಕೇಬಲ್ ಇಂಡಿಯಾದಲ್ಲಿ ಎಷ್ಟಕ್ಕೆ ಸಿಗುತ್ತದೆ ಎಂದು ಕೇಳಿದ. ಊರ ನಡುವೆ ಹೋಗುವಾಗ ಕಾಟನ್ ಟ್ರೀ ನಿಂತಿದ್ದ ಜಾಗ ತೋರಿಸಿದಳು. ನೂರಾರು ವರ್ಷ ಬಾಳಿದ ಬಿಳಿ ಬೂರುಗದ ಮರ ಅದು. 1792ರಲ್ಲಿ ನೋವಾ ಸ್ಕೋಶಿಯಾದಿಂದ ಬಂದ, ಗುಲಾಮಗಿರಿಯಿಂದ ಬಿಡುಗಡೆ ಪಡೆದ ಜನ ಅದರ ಕೆಳಗೆ ಸೇರಿ ಪ್ರಾರ್ಥಿಸಿದರು ಎಂದು ಹೇಳುತ್ತಾರೆ. ನೋಟಿನ ಮೇಲೂ ಅದರ ಚಿತ್ರವಿದೆ. 2023ರ ಮೇ 24ರ ರಾತ್ರಿಯ ಮಳೆ-ಗಾಳಿಗೆ ಬಿತ್ತು. ಉಳಿದಿದ್ದು ಬುಡ ಮಾತ್ರ. ಕೆಕೆಯವನು ಅಲ್ಲಿ ಹಾರ್ನ್ ಹೊಡೆಯದೆ ದಾಟಿದ. ಆ ಊರಿನಲ್ಲಿ ಹಾರ್ನ್ ಹೊಡೆಯದ ರಿಕ್ಷಾ ಅದೊಂದೇ ಕಡೆ ನೋಡಿದ್ದು.

ಬಿಗ್ ಮಾರ್ಕೆಟ್ಟಿನಲ್ಲಿ ಬುಟ್ಟಿ, ಡೋಲು, ಮರದ ಕೆತ್ತನೆ. ಅದರ ಸುತ್ತಲಿನ ಬೀದಿಗಳಲ್ಲಿ ಒಣಮೀನು, ತಾಳೆ ಎಣ್ಣೆ, ಕಾರದ ಮೆಣಸು, ಹೆಚ್ಚಿಟ್ಟ ಮರಗೆಣಸಿನ ಸೊಪ್ಪು. ಅವಳು ನನ್ನನ್ನು ಗಾರಾ ಬಟ್ಟೆಯ ಅಂಗಡಿಗಳ ಸಾಲಿಗೆ ಎಳೆದುಕೊಂಡು ಹೋದಳು. ಗಾರಾ ಎಂದರೆ ಬಟ್ಟೆಯನ್ನು ಗಂಟುಕಟ್ಟಿ, ಇಲ್ಲವೇ ಮೇಣ ಹಚ್ಚಿ ಬಣ್ಣದಲ್ಲಿ ಅದ್ದಿ ಮಾಡುವುದು. ಹಿಂದೆ ಗಿಡದ ನೀಲಿಯಲ್ಲೇ ಮಾಡುತ್ತಿದ್ದರಂತೆ. ಅಂಗಡಿಯ ಹೆಂಗಸು ಬಟ್ಟೆ ಬಿಚ್ಚಿ ನನ್ನ ಹೆಗಲ ಮೇಲೆ ಹರಡಿ, ಒಂದಡಿ ಹಿಂದೆ ಸರಿದು ನೋಡಿ, ಬೇಡವೆಂದು ತಲೆಯಾಡಿಸಿ ಬೇರೆಯದನ್ನು ತೆಗೆದಳು. ನನಗೆ ಒಪ್ಪಿಗೆಯಾಗುವ ಮೊದಲು ಅವಳಿಗೆ ಒಪ್ಪಿಗೆಯಾಗಬೇಕಿತ್ತು. ಕೊನೆಗೆ ಕಡುಹಸಿರಿನ ಮೇಲೆ ಬಿಳಿ ಬಳ್ಳಿಯಂಥದ್ದೊಂದು ಸಿಕ್ಕಿತು. ಗೆಳತಿ ಚೌಕಾಸಿ ಮಾಡಿ, ಒಬ್ಬಳಿಗಲ್ಲ, ಏಳು ಜನಕ್ಕೆ ಆಗುವಷ್ಟು ಕತ್ತರಿಸಲು ಹೇಳಿದಳು. ಮದುವೆ, ಹಬ್ಬ, ಹೆಸರಿಡುವ ಶಾಸ್ತ್ರ ಏನೇ ಇರಲಿ, ಹತ್ತಿರದವರೆಲ್ಲ ಒಂದೇ ಬಟ್ಟೆಯಲ್ಲಿ ಹೊಲಿಸಿಕೊಂಡು ಬರುವುದು ಅಲ್ಲಿನ ಪದ್ಧತಿ. ಅಶೋಬಿ ಎನ್ನುತ್ತಾರೆ. ನಮ್ಮ ವಾರ್ಡಿನ ದುಭಾಷಿಗಳೂ ನರ್ಸುಗಳೂ ಸೇರಿ ಏಪ್ರಿಲ್ 27ರ ಸ್ವಾತಂತ್ರ್ಯ ದಿನಕ್ಕೆ ಅಶೋಬಿ ಮಾಡುವುದೆಂದು ಅವಳೇ ತೀರ್ಮಾನಿಸಿಬಿಟ್ಟಿದ್ದಳು. ದರ್ಜಿ ಕಾಲಲ್ಲಿ ತುಳಿಯುವ ಮೆಷಿನ್ನಿನ ಹಿಂದೆ ಕೂತಿದ್ದ ಮುದುಕ. ಅಳತೆಯನ್ನು ಚೀಟಿಯಲ್ಲಿ ಬರೆಯದೆ, ಟೇಪಿನ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತ ಹೋದ. ಪಕ್ಕದಲ್ಲಿ ಕೂತ ಮೊಮ್ಮಗಳು ಬಟ್ಟೆಯ ಅಂಚಿಗೇ ಸೀಮೆಸುಣ್ಣದಲ್ಲಿ ಗೀಚಿಕೊಂಡಳು.

ಅದೇ ಬೀದಿಯಲ್ಲಿ ಯಾರೋ ಹಿಂದಿನಿಂದ ನನ್ನ ಕೈ ಹಿಡಿದರು. ತಿರುಗಿ ನೋಡಿದರೆ ಮೆಣಸು, ಈರುಳ್ಳಿ ಗುಡ್ಡೆ ಹಾಕಿಕೊಂಡು ಮಾರುವ ಹೆಂಗಸು. ನನಗೆ ಗುರುತು ಸಿಗಲಿಲ್ಲ. ಅವರು ತಲೆಯ ಮೇಲಿನ ಬಟ್ಟೆ ಸಡಿಲಿಸಿ, ಗದ್ದ ಮೇಲೆತ್ತಿ, ಕುತ್ತಿಗೆಯ ಅಡ್ಡಗೆರೆ ತೋರಿಸಿದರು. ಫೆಬ್ರವರಿಯಲ್ಲಿ ಗಳಗಂಡದ ಆಪರೇಷನ್ ಆಗಿದ್ದವರು. ಆಗ ನಾನು ಹೊಲಿಗೆ ತೆಗೆದಿದ್ದೆ. ಅಕ್ಕಪಕ್ಕದ ವ್ಯಾಪಾರದವರನ್ನೆಲ್ಲ ಕೂಗಿ ಕರೆದು, ನನ್ನ ಬೆರಳನ್ನು ತೆಗೆದುಕೊಂಡು ಆ ಗೆರೆಯ ಮೇಲಿಟ್ಟು, ಏನೇನೋ ಹೇಳಿದರು. ಗೆಳತಿ ಈ ಬಾರಿ ಅನುವಾದ ಮಾಡಲಿಲ್ಲ, ಅಳುತ್ತಿದ್ದಳು. ಗೆರೆ ತೆಳ್ಳಗೆ ಕೂಡಿಕೊಂಡಿತ್ತು, ಚರ್ಮ ಮೆದುವಾಗಿತ್ತು. ನರ್ಸಿಗೆ ಇದಕ್ಕಿಂತ ಒಳ್ಳೆಯ ಫಾಲೋ-ಅಪ್ ಇಲ್ಲ. ಹೊರಡುವಾಗ ಪ್ಲಾಸ್ಟಿಕ್ ಚೀಲ ತುಂಬ ಮೆಣಸು ಕೊಟ್ಟರು, ದುಡ್ಡು ಮುಟ್ಟಲಿಲ್ಲ.

ಮಾರ್ಚ್‌ನಲ್ಲಿ ರಂಜಾನ್ ಬಂತು. ಆ ದೇಶದಲ್ಲಿ ಮುಸ್ಲಿಮರು ಹೆಚ್ಚು, ಕ್ರೈಸ್ತರೂ ಸಾಕಷ್ಟು. ಒಂದೇ ಮನೆಯಲ್ಲಿ ಎರಡೂ ಇರುವುದು ಮಾಮೂಲು. ನನ್ನ ಗೆಳತಿಯ ಅಪ್ಪ ಮುಸ್ಲಿಂ, ಅಮ್ಮ ಮೆಥೊಡಿಸ್ಟ್ ಚರ್ಚಿನ ಭಜನಾ ತಂಡದವರು. ಅವಳು ರಂಜಾನಿನಲ್ಲಿ ಉಪವಾಸ, ಕ್ರಿಸ್‌ಮಸ್‌ನಲ್ಲಿ ಚರ್ಚು, ಎರಡನ್ನೂ ಮನಸಾರೆ ಮಾಡುವವಳು. ಒಂದು ದಿನ ಇಫ್ತಾರಿಗೆ ಕರೆದಳು. ಟೀಚರು, ನಾನು, ನಮ್ಮ ಕ್ಯಾಬಿನ್ನಿನ ಡಚ್ ಗೆಳತಿ ಮೂವರೂ ಹೋದೆವು. ಕಿಸ್ಸಿ ಕಡೆಯ ಗುಡ್ಡದ ಮೇಲೆ, ಕಡಿದಾದ ಮೆಟ್ಟಿಲು ಹತ್ತಿದ ಮೇಲೆ ತಗಡಿನ ಸೂರಿನ ಮನೆ. ಅಂಗಳದಿಂದ ಬಂದರು ಕಾಣುತ್ತದೆ, ಬೆಳ್ಳಗೆ ನಮ್ಮ ಹಡಗೂ ಕಾಣುತ್ತದೆ. ಅವಳ ಅಮ್ಮ ಮೂರುಕಲ್ಲಿನ ಒಲೆಯ ಮುಂದೆ ಕೂತು ಒಲೆಲೆ ಬೇಯಿಸುತ್ತಿದ್ದರು. ಅಲಸಂಡೆ ಬೇಳೆಯನ್ನು ಸಿಪ್ಪೆ ತೆಗೆದು ರುಬ್ಬಿ, ಈರುಳ್ಳಿ, ಮೆಣಸು, ತಾಳೆ ಎಣ್ಣೆ ಕಲಸಿ, ಎಲೆಯಲ್ಲಿ ಮಡಚಿ ಹಬೆಯಲ್ಲಿ ಇಡುವುದು. ನಾನೂ ಕೂತು ಎಲೆ ಮಡಚಿದೆ. ಪತ್ರೊಡೆ, ಗಟ್ಟಿ ಮಾಡಿದ ಕೈಗೆ ಅದೇನು ಹೊಸತಲ್ಲ. ನಾನು ಎಲೆಯ ತುದಿ ಒಳಗೆ ಸಿಕ್ಕಿಸಿದ ರೀತಿ ನೋಡಿ ಅಮ್ಮ ಮಗಳಿಗೆ ಏನೋ ಅಂದರು. "ನಿನಗೆ ಅಡುಗೆ ಕಲಿಸಿದ ಅಮ್ಮನಿಗೆ ಥ್ಯಾಂಕ್ಸ್ ಹೇಳಬೇಕಂತೆ" ಎಂದಳು.

ಏಳು ಗಂಟೆ ದಾಟಿ ಸೂರ್ಯ ಮುಳುಗಿದಾಗ ಮಸೀದಿಯ ಕೂಗು ಕೇಳಿತು. ಖರ್ಜೂರ, ಶುಂಠಿ ಹಾಕಿದ ತಣ್ಣನೆಯ ಪಾನಕ, ಅಕ್ಕಿಯ ಗಂಜಿ, ಒಲೆಲೆ. ನಮಾಜು ಮುಗಿಸಿ ಬಂದ ಮೇಲೆ ನಿಜವಾದ ಊಟ: ದೊಡ್ಡ ತಟ್ಟೆಯಲ್ಲಿ ಅನ್ನ, ಅದರ ಮೇಲೆ ಪ್ಲಾಸಾಸ್ ಎಂಬ ಮರಗೆಣಸಿನ ಸೊಪ್ಪಿನ ಗೊಜ್ಜು, ಹೊಗೆಯಲ್ಲಿ ಒಣಗಿಸಿದ ಮೀನು. ಅನ್ನ ಉಣ್ಣದಿದ್ದರೆ ಅಲ್ಲಿಯವರು ಆ ದಿನ ಊಟವೇ ಮಾಡಿಲ್ಲ ಎನ್ನುತ್ತಾರೆ. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಒಂದೇ ತಟ್ಟೆಯಿಂದ, ಅವರವರ ಮುಂದಿನ ಭಾಗದಿಂದ ತಿನ್ನುವುದು. ಅವಳ ಅಪ್ಪ ಮೀನಿನ ದಪ್ಪ ತುಂಡುಗಳನ್ನು ಬಿಡಿಸಿ ನಮ್ಮ ಮೂವರ ಕಡೆಗೆ ತಳ್ಳುತ್ತಲೇ ಇದ್ದರು. ಟೀಚರು ಕೈಯಲ್ಲೇ ಉಂಡರು. ಕರೆಂಟ್ ಇರಲಿಲ್ಲ, ಚಾರ್ಜಿನ ದೀಪ ಒಂದೇ. ಆ ವಸಂತದಲ್ಲಿ ಊರಿಗೆ ಊರೇ ಕತ್ತಲಲ್ಲಿ ಇರುವ ರಾತ್ರಿಗಳು ಬಹಳ. ಕೆಳಗೆ ಹಡಗು ಮಾತ್ರ ಜನರೇಟರ್ ಬಲದಲ್ಲಿ ಜಗಮಗಿಸುತ್ತಿತ್ತು. ಇಷ್ಟು ದಿನ ನಾನು ಅಲ್ಲಿಂದ ಈ ಗುಡ್ಡವನ್ನು ನೋಡಿದ್ದೆ. ಈ ಮನೆಯವರಿಗೆ ನಮ್ಮ ಹಡಗು ಹೇಗೆ ಕಾಣುತ್ತದೆ ಎಂದು ಆವತ್ತು ತಿಳಿಯಿತು. ಅವಳ ಅಪ್ಪ ಹೇಳಿದರು: 2011ರಲ್ಲಿ ಇದೇ ಸಂಸ್ಥೆಯ ಇನ್ನೊಂದು ಹಡಗು, ಆಫ್ರಿಕಾ ಮರ್ಸಿ, ಬಂದಿದ್ದಾಗ ಅವರ ತಂಗಿ ಹೆಸರು ಬರೆಸಲು ಸಾಲಿನಲ್ಲಿ ನಿಂತು, ಸರದಿ ಸಿಗದೆ ಮರಳಿದ್ದರಂತೆ. ಈಗ ಆಕೆ ಇಲ್ಲ. ಹೇಳುವಾಗ ಧ್ವನಿಯಲ್ಲಿ ದೂರು ಇರಲಿಲ್ಲ. ಮಗಳು ಅಲ್ಲಿ ಕೆಲಸಕ್ಕಿರುವುದು ಅವರಿಗೆ ಎಷ್ಟು ದೊಡ್ಡದು ಎಂದಷ್ಟೇ ಹೇಳಿದರು.

ಚಿಂಪಾಂಜಿಗಳ ಟಾಕುಗಾಮಾಕ್ಕೂ ಹೋಗಿ ಬಂದೆವು. ಊರ ಹಿಂದಿನ ಕಾಡಿನಲ್ಲಿ ಬಾಲಾ ಅಮರಶೇಖರನ್ ಎಂಬ ಶ್ರೀಲಂಕಾ ಮೂಲದವರು 1995ರಲ್ಲಿ ಶುರುಮಾಡಿದ ಆಶ್ರಯಧಾಮ ಅದು. 1988ರಲ್ಲಿ ಹಳ್ಳಿಯೊಂದರಲ್ಲಿ ಕಟ್ಟಿಹಾಕಿದ್ದ ಬ್ರೂನೋ ಎಂಬ ಮರಿಯನ್ನು ಅವರೂ ಅವರ ಹೆಂಡತಿಯೂ ಕೊಂಡು ಸಾಕಿದ್ದರಿಂದ ಎಲ್ಲ ಹುಟ್ಟಿಕೊಂಡಿತು. ತಾಯಿಯನ್ನು ಕೊಂದು ಮರಿಯನ್ನು ಮಾರುವ ದಂಧೆಯಿಂದ ಬಿಡಿಸಿ ತಂದ ಮರಿಗಳನ್ನು ಅಲ್ಲಿ ಬೆಳೆಸುತ್ತಾರೆ. 2019ರಲ್ಲಿ ಚಿಂಪಾಂಜಿ ಆ ದೇಶದ ರಾಷ್ಟ್ರೀಯ ಪ್ರಾಣಿಯಾಯಿತು. ಆದರೂ ದಾರಿಯುದ್ದಕ್ಕೂ ಕಾಡು ಕಡಿದು ಎದ್ದ ಹೊಸ ಮನೆಗಳ ಗೋಡೆ ಕಂಡವು. ನಮ್ಮ ಘಟ್ಟದ ನೆನಪಾಗಿ ಹೊಟ್ಟೆ ಉರಿಯಿತು.

ಏಪ್ರಿಲ್ 27 ಆ ವರ್ಷ ಶನಿವಾರ ಬಿದ್ದಿತ್ತು. 1961ರ ಅದೇ ದಿನ ಅವರಿಗೆ ಸ್ವಾತಂತ್ರ್ಯ ಬಂದದ್ದು. ಹಸಿರು-ಬಿಳಿ-ನೀಲಿ ಬಾವುಟದ ಬಣ್ಣಗಳಲ್ಲಿ ಊರೆಲ್ಲ ಬೀದಿಗಿಳಿದಿತ್ತು. ನಾವು ಏಳೂ ಜನ ನಮ್ಮ ಹಸಿರು ಅಶೋಬಿ ತೊಟ್ಟು ಗ್ಯಾಂಗ್‌ವೇ ಇಳಿದೆವು. ದಾಜು ಎದ್ದುನಿಂತು ಸೆಲ್ಯೂಟ್ ಹೊಡೆದರು. ಟೀಚರ ನಿಲುವಂಗಿಗೆ ದರ್ಜಿ ತಾತ ತಾನಾಗಿಯೇ ಜೇಬು ಇಟ್ಟಿದ್ದ, ನೋಟ್‌ಬುಕ್ಕಿಗೆ. ಲಮ್ಲಿ ತೀರಕ್ಕೇ ಹೋದೆವು, ಈ ಸಲ ಗೆಳತಿಯ ಅಣ್ಣ-ತಮ್ಮಂದಿರು, ನೆರೆಹೊರೆಯವರು ಎಲ್ಲ ಜೊತೆಗೆ. ಹುರಿದ ಬಾಳೆಕಾಯಿ, ಮಾವಿನಹಣ್ಣು, ಸುಟ್ಟ ಮೀನು. ಆಸ್ಪತ್ರೆಯ ವಿಷಯ ಒಬ್ಬರೂ ಎತ್ತಲಿಲ್ಲ.

ಹಡಗಿನ ಗೆಳೆತನದಲ್ಲಿ ಒಂದು ಕಷ್ಟವಿದೆ. ಪ್ರತಿಯೊಬ್ಬರೂ ಹೊರಡುವ ತಾರೀಖನ್ನು ಜೊತೆಯಲ್ಲೇ ತಂದಿರುತ್ತಾರೆ. ಕೆಲವರು ಎರಡು ವಾರ, ಕೆಲವರು ಎರಡು ವರ್ಷ. ಪ್ರತಿ ವಾರವೂ ಯಾರಾದರೂ ಹೊರಟೇ ಇರುತ್ತಾರೆ. ಉಳಿದವರು ಧಕ್ಕೆಯ ಮೇಲೆ ನಿಂತು ವ್ಯಾನು ಕಣ್ಮರೆಯಾಗುವವರೆಗೆ ಕೈಬೀಸುತ್ತಾರೆ. "ಹೆಚ್ಚು ಹಚ್ಚಿಕೊಳ್ಳಬೇಡ, ಸುಸ್ತಾಗುತ್ತೀ" ಎಂದು ಹಳಬರೊಬ್ಬರು ನನಗೆ ಬುದ್ಧಿ ಹೇಳಿದ್ದರು. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಹಚ್ಚಿಕೊಳ್ಳದೆ ಇದ್ದಿದ್ದರೆ ಆ ಮನೆಯ ಅಂಗಳದಲ್ಲಿ ನಾನು ಎಲೆ ಮಡಚುತ್ತಿರಲಿಲ್ಲ. ಹೋಗಿಬರುವವರು ನಾವು. ನಮ್ಮಂಥವರನ್ನು ಸಾಲಾಗಿ ಬೀಳ್ಕೊಟ್ಟು, ಹಡಗೇ ಹೊರಟ ಮೇಲೂ ಅಲ್ಲೇ ಉಳಿಯುವವರು ಡೇ ಕ್ರೂನವರು. ಪ್ರತಿ ಸಲವೂ ಹೊಸ ನರ್ಸಿಗೆ ಮೊದಲಿನಿಂದ ಮಾತು ಕಲಿಸುವವರು, ಮಾರುಕಟ್ಟೆ ತೋರಿಸುವವರು, ಮನೆಗೆ ಕರೆಯುವವರು ಅವರೇ. ಹಚ್ಚಿಕೊಳ್ಳಲು ಅವರು ಅಂಜದಿದ್ದ ಮೇಲೆ ನಾವು ಅಂಜುವುದು ನ್ಯಾಯವಲ್ಲ.

ಮೊದಲ ಮಳೆಗಳು ಶುರುವಾದಾಗ, ಮೇ ತಿಂಗಳಲ್ಲಿ ನಾನು ಹೊರಟೆ. ಟೀಚರು ನನಗಿಂತ ಮುಂಚೆ ಹೋಗಿದ್ದರು. ಅವರೀಗ ರೈಲ್ವೆ ಮ್ಯೂಸಿಯಂಗಾಗಿ ತಮ್ಮ ಊರಿನಲ್ಲಿ ದುಡ್ಡು ಕೂಡಿಸುತ್ತಿದ್ದಾರೆ. ದಾಜು ಪೋಖರಾದಲ್ಲಿ ರಜೆಯಲ್ಲಿದ್ದಾಗ ಒಮ್ಮೆ ವಿಡಿಯೊದಲ್ಲಿ ಹೆಂಡತಿ-ಮಗನನ್ನು ಪರಿಚಯಿಸಿದರು. ನನ್ನ ದುಭಾಷಿ ಗೆಳತಿ ನರ್ಸಿಂಗ್ ಓದಲು ಸೇರಿದ್ದಾಳೆ. ಭಾನುವಾರ ಬಂತೆಂದರೆ ವಾಟ್ಸ್ಆ್ಯಪ್‌ನಲ್ಲಿ ವಾಯ್ಸ್ ಮೆಸೇಜು ಸಾಲುಗಟ್ಟುತ್ತವೆ. ಮೊದಲನೆಯದರಲ್ಲಿ ಅಪ್ಪ-ಅಮ್ಮ, ನೆರೆಹೊರೆ, ನನ್ನ ಮನೆಯವರ ಯೋಗಕ್ಷೇಮ. ಎರಡನೆಯದರಲ್ಲಿ ಆ ವಾರದ ಪಾಠ: ಡ್ರಿಪ್ ವೇಗದ ಲೆಕ್ಕ, ಹೃದಯದ ಕವಾಟಗಳ ಹೆಸರು, ಗಾಯ ಮಾಗುವ ಹಂತಗಳು. ನಾನು ರಾತ್ರಿ ಪಾಳಿ ಮುಗಿಸಿ ಬಂದು ಕಾಗದದಲ್ಲಿ ಲೆಕ್ಕ ಬಿಡಿಸಿ ಫೋಟೊ ತೆಗೆದು ಕಳಿಸುತ್ತೇನೆ. ಡ್ರಿಪ್ ಲೆಕ್ಕದಲ್ಲಿ ಈ ಸಲದ ಪರೀಕ್ಷೆಗೆ ಅವಳ ಕ್ಲಾಸಿಗೇ ಹೆಚ್ಚು ಅಂಕ ಬಂದದ್ದು ಅವಳಿಗಂತೆ.